ಮೂರು ಮೀನಿನ ಚಾಕು

ಸುದ್ದಿ ಬಂದಾಗ ಬೈಂಡರು ಒಂದು ಹಳೆಯ ಪ್ರಾರ್ಥನೆ ಪುಸ್ತಕದ ಬೆನ್ನಿಗೆ ಅಂಟಿಕೊಂಡಿದ್ದ ಒಣ ಗೋಂದನ್ನು ಚಾಕುವಿನ ತುದಿಯಿಂದ ಎಬ್ಬಿಸುತ್ತಿದ್ದರು. ಐವತ್ತು ವರ್ಷದಿಂದ ಇದೇ ಮೇಜು, ಇದೇ ಕಿಟಕಿ. ಎಪ್ಪತ್ತು ತುಂಬಿದ ಮೇಲೆ ಮಧ್ಯಾಹ್ನದವರೆಗೆ ಮಾತ್ರ ಬರುತ್ತಿದ್ದರು; ಆದರೂ ಹಳೆಯ ಪುಸ್ತಕಗಳನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಫೋನಿನಲ್ಲಿ ಅಕ್ಕನ ಮಗಳು. "ಮಾಮ, ಅಪ್ಪ ಹೋಗಿಬಿಟ್ರು" ಎಂದಳು. ಬೈಂಡರು "ಎಷ್ಟು ಹೊತ್ತಿಗಮ್ಮಾ?" ಎಂದರು. ಬೇರೆ ಮನೆಯವರಿಗಾದರೆ ಆ ಪ್ರಶ್ನೆ ವಿಚಿತ್ರವಾಗಿ ಕೇಳಿಸುತ್ತಿತ್ತು. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವರ ಮಗಳು ಅವಳು. ಎಂಟೂ ಐವತ್ತೆರಡಕ್ಕೆ ಎಂದು ಸರಿಯಾಗಿ ಹೇಳಿ, ಆಮೇಲೆ ಅತ್ತಳು. ಬೈಂಡರಿಗೆ ಅಳು ಬರಲಿಲ್ಲ. ಅರ್ಧ ಎದ್ದಿದ್ದ ಗೋಂದಿನ ಎಳೆಯನ್ನು ಪೂರ್ತಿ ಎಬ್ಬಿಸಿ, ಚಾಕುವನ್ನು ಒರೆಸಿ, ಮಡಚಿದರು. ಹಾಗೆ ಮಡಚುವಾಗ ಎದೆಯೊಳಗೆ ಏನೋ ಹಗುರವಾಯಿತು. ದೊಡ್ಡ ಮೂಟೆಯೊಂದನ್ನು ಯಾರೋ ಹಿಂದಿನಿಂದ ಎತ್ತಿಕೊಂಡಂತೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು, ಯಾರೂ ಕರೆಯದೆ, ಮನಸ್ಸಿನೊಳಗೆ ಬಂದು ಕೂತಿತು. ಆ ಹಗುರ ಎಲ್ಲಿಂದ ಬಂತೆಂದು ತಿಳಿದ ಕೂಡಲೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಹೆತ್ತವರು ಹೋದ ಮೇಲೆ ಅನ್ನ ಹಾಕಿದ ಮನುಷ್ಯ ಸತ್ತಿದ್ದಾನೆ, ತನಗೆ ಮೊದಲು ಆದದ್ದು ನೆಮ್ಮದಿ. ಎದುರಿಗಿದ್ದ ಪ್ರಾರ್ಥನೆ ಪುಸ್ತಕದ ಹಾಳೆಗಳನ್ನು ಜೋಡಿಸಿ, ಮೇಲೊಂದು ರಟ್ಟಿಟ್ಟು, ಅದರ ಮೇಲೆ ತೂಕದ ಕಲ್ಲಿಟ್ಟು ಎದ್ದರು.

ಅಕ್ಕನ ಮಗಳು ಇನ್ನೊಂದು ಮಾತು ಹೇಳಿದ್ದಳು. ಮೂರು ಗಂಟೆಗೆ ಭಾವನನ್ನು ಮನೆಗೆ ತರುತ್ತಾರೆ, ಐದಕ್ಕೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಅವರ ಆ ಮೂರು ಮೀನಿನ ಗುರುತಿನ ಚಾಕು ಬೇಕು. ಹನ್ನೊಂದು ದಿನದ ಹಿಂದೆ ಆಸ್ಪತ್ರೆಗೆ ಸೇರಿಸುವಾಗ ಗೇಟಿನವನು ಅದನ್ನು ತೆಗೆದಿರಿಸಿಕೊಂಡು ಟೋಕನ್ ಕೊಟ್ಟಿದ್ದಾನೆ; ಟೋಕನ್ನನ್ನು ಪಕ್ಕದ ಮನೆಯ ಹುಡುಗನ ಕೈಲಿ ಕಳಿಸಿದ್ದೇನೆ. ಅದಿಲ್ಲದೆ ಅವರನ್ನು ಕಳಿಸೋದಿಲ್ಲ ಅಂತ ಅಮ್ಮ ಹಟ ಹಿಡಿದಿದ್ದಾಳೆ. ಇಪ್ಪತ್ತೆರಡು ವರ್ಷ ಅಂಗಿಯ ಬಲ ಜೇಬಿನಲ್ಲಿದ್ದದ್ದು, ಅದೇ ಜೇಬಿನಲ್ಲಿ ಹೋಗಲಿ ಅಂತಾಳೆ. "ಮಾಮ ಕೊಟ್ಟದ್ದು, ಮಾಮನೇ ತಂದು ಜೇಬಿಗೆ ಹಾಕಲಿ ಅಂದಳು ಅಮ್ಮ."

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಬೈಂಡರು, ಒಳ ಜೇಬಿನಲ್ಲಿದ್ದ ಇನ್ನೊಂದು ಚಾಕುವನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡರು. ಕೆಲಸದ ಚಾಕು ಹೊರ ಜೇಬಿನಲ್ಲಿ. ಇದು ಒಳಗೆ. ಇದರಿಂದ ಏನೂ ಕೆಲಸವಾಗುವುದಿಲ್ಲ. ಮಡಚುವ ಚಾಕುವಿನ ಜೀವ ಇರುವುದು ಬೆನ್ನಿನ ಸ್ಪ್ರಿಂಗಿನಲ್ಲಿ. ತೆರೆದಾಗ ಅಲಗನ್ನು ತೆರೆದೇ ನಿಲ್ಲಿಸುವುದು ಅದು, ಮಡಚುವಾಗ ಟಕ್ಕೆಂದು ಒಳಗೆ ಎಳೆದುಕೊಳ್ಳುವುದು ಅದು. ಈ ಚಾಕುವಿಗೆ ಸ್ಪ್ರಿಂಗು ಇಲ್ಲ. ಅಲಗು ಮುರಿದ ರೆಕ್ಕೆಯ ಹಾಗೆ ನೇತಾಡುತ್ತದೆ. ಹತ್ತೊಂಬತ್ತು ವರ್ಷದವನಾಗಿ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಅಕ್ಕನ ಮನೆಗೆ ಬಂದು, ಭಾವನ ಮಾತಿನಿಂದ ಬೈಂಡಿಂಗ್ ಕೆಲಸ ಸಿಕ್ಕಿದ ದಿನ, ಭಾವ ತಮ್ಮ ಅಂಗಡಿಯ ಡ್ರಾಯರಿನಿಂದ ತೆಗೆದು ಕೊಟ್ಟಿದ್ದು. ಕೊಟ್ಟದ್ದೂ ಮಡಚಿಯೇ. ಚಾಕು ಕೊಡುವಾಗ ಮಡಚಿ ಕೊಡಬೇಕು, ತಗೊಂಡವನು ಮಡಚಿ ಹಿಂದಿರುಗಿಸಬೇಕು, ಮಧ್ಯೆ ಏನು ಕೊಯ್ದನೋ ಕೇಳಬಾರದು ಎಂಬುದು ಅವರ ನಿಯಮ. ಚಾಕು ಇಟ್ಟುಕೊಳ್ಳುವವರ ಲೋಕವೇ ಬೇರೆ. ಭಾನುವಾರ ಭಾವನ ಅಂಗಡಿಯ ಮುಂದಿನ ಬೆಂಚಿನಲ್ಲಿ ನಾಲ್ಕು ಜನ ಕೂತರೆ ಮನೆ ಮಠ ಯಾವುದೂ ಮಾತಿಗೆ ಬರುತ್ತಿರಲಿಲ್ಲ. ಒಬ್ಬನ ಚಾಕು ಇನ್ನೊಬ್ಬನ ಕೈಗೆ, ಅಲ್ಲಿಂದ ಮತ್ತೊಬ್ಬನ ಕಿವಿಗೆ. ಹೌದು, ಕಿವಿಗೆ, ಮಡಚುವಾಗಿನ ಸದ್ದು ಕೇಳಿ ಸ್ಪ್ರಿಂಗಿನ ವಯಸ್ಸು ಹೇಳುತ್ತಿದ್ದರು ಭಾವ. ನೋಡುವವರಿಗೆ ನಾಲ್ಕು ಜನ ಮುದುಕರು ಚಾಕು ಹಿಡಿದುಕೊಂಡು ಕಿವಿಯಲ್ಲಿ ಗುಟ್ಟು ಕೇಳುತ್ತಿರುವಂತೆ ಕಾಣುತ್ತಿತ್ತು. ಅಕ್ಕ ಒಮ್ಮೆ ಆ ದಾರಿಯಲ್ಲಿ ಬಂದವಳು, ಊರಿನ ಪುಣ್ಯ, ನಿಮಗೆ ಯಾರ ಮೇಲೂ ಸಿಟ್ಟು ಬರೋದಿಲ್ಲ ಎಂದು ಹೇಳಿ ಹೋಗಿದ್ದಳು.

ಆಸ್ಪತ್ರೆಯ ಗೇಟಿನಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಹಾದು ಹೋಗಬೇಕು. ಬೈಂಡರು ಅವಸರದಲ್ಲಿ ಜೇಬು ಮರೆತು ಹಾದರು, ಅದು ಕೂಗಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೇಟಿನವನು ಮೂವತ್ತರ ಗಂಡಸು, ತನ್ನದಲ್ಲದ ಅಳತೆಯ ಟೋಪಿ ಹಾಕಿಕೊಂಡಿದ್ದ. ಹೊರ ಜೇಬಿನಿಂದ ಒಂದು ಚಾಕು ತೆಗೆದ. ಚೌಕಟ್ಟು ಮತ್ತೆ ಕೂಗಿತು. ಒಳ ಜೇಬಿನಿಂದ ಇನ್ನೊಂದು. ಹಿಂದೆ ನಿಂತಿದ್ದ ಹೆಂಗಸು ತನ್ನ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ಬೈಂಡರ ಕಿವಿ ಬಿಸಿಯಾಯಿತು. ಎಪ್ಪತ್ತು ವರ್ಷದ ಮೇಲೆ ಗೋಡೆಗೆ ಮುಖ ಮಾಡಿ ಕೈ ಎತ್ತಿ ನಿಲ್ಲುವುದೆಂದರೆ, ಶಾಲೆಯಲ್ಲಿ ಪಾಠ ಬಾರದೆ ನಿಂತ ಹಾಗೆ. ಗೇಟಿನವನು ಎರಡನೆಯ ಚಾಕುವನ್ನು ಎತ್ತಿ ಹಿಡಿದ. ಅಲಗು ತಾನಾಗಿ ಜೋತು ಬಿದ್ದು ಆ ಕಡೆ ಈ ಕಡೆ ತೂಗಿತು. "ಇದೇನ್ರೀ ಯಜಮಾನ್ರೇ, ಇದರಲ್ಲಿ ಬೆಣ್ಣೆನೂ ಕೊಯ್ಯೋಕಾಗಲ್ಲವಲ್ಲ" ಎಂದ. ಸಾಲಿನಲ್ಲಿ ಯಾರೋ ನಕ್ಕರು. ಬೈಂಡರು ಟೋಕನ್ ಮುಂದೆ ಹಿಡಿದರು. ಅವನು ಅದನ್ನು ನೋಡಿ, ಒಂದು ದಪ್ಪ ರಿಜಿಸ್ಟರಿನಲ್ಲಿ ಬೆರಳಾಡಿಸಿ, ಮಾಲೀಕರೇ ಬಂದು ಸಹಿ ಹಾಕಬೇಕು, ಅದು ಇಲ್ಲಿಯ ರೂಲು ಎಂದ.

"ಮಾಲೀಕರು ಬರೋ ಹಾಗಿಲ್ಲಪ್ಪಾ" ಎಂದರು ಬೈಂಡರು. "ಬೆಳಿಗ್ಗೆ ಎಂಟೂ ಐವತ್ತೆರಡಕ್ಕೆ ಹೋದರು."

ಅವನು ಟೋಪಿ ತೆಗೆದ. ಟೋಪಿಯಿಲ್ಲದೆ ಅವನ ಮುಖ ಬೇರೆಯೇ ಆಗಿತ್ತು. ಗಡಿಯಾರದ ಅಜ್ಜ ಅಲ್ವಾ ಎಂದ. ದಿನಾ ಮಗಳ ಕೈಲಿ ಮೇಲಿನಿಂದ ಹೇಳಿ ಕಳಿಸೋರು, ನನ್ನ ಚಾಕುಗೆ ಎಣ್ಣೆ ಬಿಟ್ಯಾ ಅಂತ. ಬಿಟ್ಟೆ ಅನ್ನೋವರೆಗೆ ಆಕೆ ಇಲ್ಲಿಂದ ಕದಲುತ್ತಿರಲಿಲ್ಲ. ಯಾವ ಎಣ್ಣೆ ಎಂದು ಬೈಂಡರು ಕೇಳಿದರು. "ನನ್ನ ಹತ್ರ ಎಲ್ಲಿಂದ ಬರಬೇಕು ಯಜಮಾನ್ರೇ, ತಲೆಗೆ ಹಚ್ಚೋದು. ವಾಸನೆ ಚೆನ್ನಾಗಿದೆ." ಡ್ರಾಯರಿನಿಂದ ತೆಗೆದು ಕೊಟ್ಟಾಗ ಮಲ್ಲಿಗೆಯ ಘಾಟು ಮೂಗಿಗೆ ಬಡಿಯಿತು. ಅಲಗು ಅರ್ಧಕ್ಕೂ ಬಾರದೆ ಅಂಟಿಕೊಂಡಿತ್ತು. ಗಡಿಯಾರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಎಣಿಸಿ ಬಿಡುತ್ತಿದ್ದ ಮನುಷ್ಯನ ಚಾಕು ಹನ್ನೊಂದು ದಿನ ತಲೆ ಎಣ್ಣೆ ಕುಡಿದು ಕೂತಿದೆ. ಇದನ್ನು ಹೀಗೇ ಅವರ ಜೇಬಿಗೆ ಹಾಕಿದರೆ ಎದ್ದು ಕೂತು ಬೈದಾರು. ಬೈಂಡರಿಗೆ ನಗು ಬಂತು, ನಗುವಿನ ಬೆನ್ನಿಗೇ ಕಣ್ಣು ತುಂಬಿತು. ಬೆಳಗಿನಿಂದ ಬಾರದ ಅಳು ಗೇಟಿನ ಮುಂದೆ, ಸಾಲಿನವರ ಎದುರು ಬಂತು. ಗೇಟಿನವನು ಒಂದು ಸ್ಟೂಲು ಎಳೆದು ಹಾಕಿ, ಅವರ ಎರಡು ಚಾಕುಗಳನ್ನೂ ಹಿಂದಕ್ಕೆ ಕೊಟ್ಟ.

ಅಕ್ಕನ ಮನೆಯ ಹಜಾರದಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿದ್ದರು. ಬಂದ ಹತ್ತು ಹನ್ನೆರಡು ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಕ್ಕನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಚಾಕುವನ್ನು ಕ್ಲೀನು ಮಾಡಿ ತರುತ್ತೇನೆ ಎಂದು ಬೈಂಡರು ಹಿಂದಿನ ಕೋಣೆಗೆ ಹೋದರು. ಅಂಗಡಿ ಮುಚ್ಚಿದ ಮೇಲೆ ಭಾವ ತಮ್ಮ ಮೇಜನ್ನು ಅಲ್ಲಿಗೆ ತಂದಿದ್ದರು. ಕಿಟಕಿಯ ಕೆಳಗೆ ಮೇಜು, ಬಗ್ಗುವ ಕತ್ತಿನ ದೀಪ, ಚಿಮಟ, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಡಬ್ಬಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಮಸೂರ. ಕುರ್ಚಿಯ ದಿಂಬು ಅವರ ಆಕಾರಕ್ಕೆ ಕುಳಿ ಬಿದ್ದಿತ್ತು. ಅದರಲ್ಲಿ ಕೂರಲು ಮನಸ್ಸು ಬಾರದೆ ಬೈಂಡರು ಪಕ್ಕದ ಸ್ಟೂಲಿನಲ್ಲಿ ಕೂತರು. ಮೇಜಿನ ಮೇಲೆ ಮೂರು ಮೀನಿನ ಚಾಕು. ಅಲಗಿನ ಬುಡದಲ್ಲಿ ಒಂದರ ಕೆಳಗೊಂದು ಮೂರು ಪುಟ್ಟ ಮೀನುಗಳ ಅಚ್ಚು, ಎರಡು ಪಕ್ಕಕ್ಕೆ ಕರಿ ಕೊಂಬಿನ ಹಿಡಿ. ಕೆಲಸ ಕಲಿಯುವಾಗ ಗುರುಗಳ ಕೈಯಲ್ಲಿ ಇಂಥದನ್ನು ಕಂಡಿದ್ದೆ ಎಂದು ಭಾವ ಮೂವತ್ತು ವರ್ಷ ಹುಡುಕಿದ್ದರು. ಆ ಗುರುತಿನವರು ಚಾಕು ಮಾಡುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಕಂಡ ಕಂಡ ಗುಜರಿ ಅಂಗಡಿಯಲ್ಲಿ, ಪ್ರಯಾಣದಲ್ಲಿ, ಮದುವೆಯ ಮನೆಯಲ್ಲಿ ಕೂಡ, ಯಾರಾದರೂ ಹಣ್ಣು ಕೊಯ್ಯಲು ಜೇಬಿಗೆ ಕೈ ಹಾಕಿದರೆ ಭಾವನ ಕುತ್ತಿಗೆ ಆ ಕಡೆಗೆ ಉದ್ದವಾಗುತ್ತಿತ್ತು.

ಸಿಕ್ಕಿದ್ದು ಬೈಂಡರಿಗೆ. ರಟ್ಟು ಕೊಯ್ಯಲು ಹಳೆಯ ಅಲಗು ಬೇಕೆಂದು ತಂದ ಗುಜರಿ ಚೀಲದ ತಳದಲ್ಲಿ, ತುಕ್ಕಿನ ನಡುವೆ ಮೂರು ಮೀನು. ಸ್ಪ್ರಿಂಗು ಮುರಿದು ಎರಡಾಗಿತ್ತು. ಆಗ ಬೈಂಡರಿಗೆ ನಲವತ್ತೆಂಟು. ಭಾವನ ಅರವತ್ತನೆಯ ಹುಟ್ಟುಹಬ್ಬಕ್ಕೆ ಮೂರು ವಾರ ಇತ್ತು. ಅಲ್ಲಿಯವರೆಗೆ ಆ ಮನೆಯಿಂದ ತೆಗೆದುಕೊಂಡದ್ದೇ ಎಲ್ಲ, ಕೊಟ್ಟದ್ದು ಏನೂ ಇರಲಿಲ್ಲ. ಕೆಲಸ ಅವರು ಕೊಡಿಸಿದ್ದು, ಇದ್ದ ಕೋಣೆ ಅವರದು, ಮದುವೆಯ ದಿನ ಹಾಕಿಕೊಂಡ ಕೈಗಡಿಯಾರ ಕೂಡ ಅವರದೇ. ಒಂದು ಸಲ, ಒಂದೇ ಒಂದು ಸಲ, ಭಾವನ ಮುಂದೆ ದೊಡ್ಡವನಾಗಿ ನಿಲ್ಲಬೇಕು ಅನ್ನಿಸಿತು. ಮುರಿದ ಸ್ಪ್ರಿಂಗಿನ ಅಳತೆಗೆ ಹತ್ತಿರ ಬಂದದ್ದು ಒಂದೇ ಒಂದು: ತಮ್ಮ ಜೇಬಿನಲ್ಲೇ ಇದ್ದ, ಭಾವ ಕೊಟ್ಟ ಚಾಕುವಿನದು. ಅದನ್ನು ಬಿಚ್ಚಿದರು. ಅರದಿಂದ ಉಜ್ಜಿ, ಇಟ್ಟು ನೋಡಿ, ಮತ್ತೆ ಉಜ್ಜಿ, ಮೂರು ವಾರ. ಹೊಸ ಉಜ್ಜಿನ ಹೊಳಪು ಕಾಣಬಾರದೆಂದು ಟೀ ಸೊಪ್ಪಿನ ನೀರಲ್ಲಿ ನೆನೆಸಿ ಕಪ್ಪು ಮಾಡಿದರು. ತೆರೆದಾಗ ಸರಿ, ಮಡಚಿದಾಗ ಸರಿ. ಅರ್ಧ ತೆರೆದು ನಿಲ್ಲಿಸಿದರೆ ಮಾತ್ರ ಬೆನ್ನಿನಲ್ಲಿ ಸ್ಪ್ರಿಂಗು ಒಂದು ಕೂದಲೆಳೆಯಷ್ಟು ಮೇಲೆದ್ದು ಬೆರಳಿಗೆ ತಗುಲುತ್ತಿತ್ತು. ಆ ಕೂದಲೆಳೆಯನ್ನು ಎಷ್ಟು ಮಾಡಿದರೂ ಇಳಿಸಲಾಗಲಿಲ್ಲ. ಹಾಗೆಯೇ ಕೊಟ್ಟರು. ಬೆಂಚಿನವರೆಲ್ಲ ಇದ್ದರು, ಅಕ್ಕ ಇದ್ದಳು. ಭಾವ ಮೂರು ಮೀನು ನೋಡಿ ಎರಡು ಕೈಯಲ್ಲಿ ಹಿಡಿದುಕೊಂಡರು. ಎಲ್ಲಿ ಸಿಕ್ತು, ಏನಾದರೂ ರಿಪೇರಿ ಆಗಿದೆಯಾ ಎಂದು ಬೆಂಚಿನವರಲ್ಲಿ ಒಬ್ಬ ಕೇಳಿದ. ಚಾಕುವಿನ ಜನಕ್ಕೆ ಅದೇ ಮೊದಲ ಪ್ರಶ್ನೆ. ಎರಡನ್ನು ಸೇರಿಸಿ ಒಂದು ಮಾಡಿದ್ದನ್ನು ಅವರು ಮುಟ್ಟುವುದೂ ಇಲ್ಲ. ಬೈಂಡರು "ಹಾಗೇ ಸಿಕ್ಕಿತು. ನಾನು ಕೈ ಹಚ್ಚಿಲ್ಲ" ಎಂದರು. ಐದಾರು ಪದಗಳು. ಅದನ್ನು ಹೇಳಿದ ದನಿ ಎಷ್ಟು ಸಲೀಸಾಗಿತ್ತೆಂದರೆ ಒಂದು ಕ್ಷಣ ತಾವೂ ನಂಬಿದರು.

ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ ಆ ಚಾಕುವನ್ನು ಬೈಂಡರು ಕೈಯಲ್ಲಿ ಹಿಡಿದಿರಲಿಲ್ಲ. ಭಾನುವಾರಗಳಲ್ಲಿ ಭಾವ ಅದನ್ನು ತೆಗೆದು, ಅರ್ಧ ತೆರೆದು, ಹೆಬ್ಬೆರಳಿನಿಂದ ಬೆನ್ನು ಸವರಿ, "ನೋಡಯ್ಯಾ, ಅರ್ಧಕ್ಕೆ ನಿಲ್ಲಿಸಿ ನೋಡು" ಎಂದು ಮುಂದೆ ಚಾಚುತ್ತಿದ್ದರು. ಎಲ್ಲರಿಗೂ ಮಡಚಿ ಕೊಡುವವರು ತಮಗೆ ಮಾತ್ರ ಅರ್ಧ ತೆರೆದು ಚಾಚುತ್ತಿದ್ದರು. ಸಿಕ್ಕಿಹಾಕಿಸಲೆಂದೇ ಹೀಗೆ ಮಾಡುತ್ತಾರೋ, ಏನೂ ತಿಳಿಯದೆ ಮಾಡುತ್ತಾರೋ. ಚೆನ್ನಾಗಿದೆ ಭಾವ, ಚೆನ್ನಾಗಿದೆ ಎನ್ನುತ್ತ ಬೈಂಡರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಇನ್ನೊಂದು ದಿನ, ಚಾಕು ಕೊಟ್ಟು ಎರಡು ತಿಂಗಳಾಗಿರಬೇಕು, ನಾನು ಕೊಟ್ಟ ಚಾಕು ಎಲ್ಲಯ್ಯಾ, ಈಗೀಗ ಕಾಣ್ತಾ ಇಲ್ಲ ಎಂದು ಭಾವ ಕೇಳಿದರು. ಬಸ್ಸಿನಲ್ಲಿ ಕಳೆದುಹೋಯಿತು ಎಂದು ಎರಡನೆಯ ಸುಳ್ಳು. ಬೆಂಚಿನವರೆಲ್ಲ ಬೈದರು. ಭಾವ ಬೈಯಲಿಲ್ಲ. ಮಸೂರವನ್ನು ಕಣ್ಣಿನಿಂದ ತೆಗೆದು, ಒರೆಸಿ, "ಹೋಗಲಿ ಬಿಡು. ಎಲ್ಲೋ ಒಂದು ಕಡೆ ಕೆಲಸಕ್ಕೆ ಬರ್ತಾ ಇರುತ್ತೆ" ಎಂದರು. ಆ ಒಳ್ಳೆಯತನವೇ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸ್ಪ್ರಿಂಗು ಕಿತ್ತ ಚಾಕುವನ್ನು ಅಂದಿನಿಂದ ಒಳ ಜೇಬಿನಲ್ಲಿ ಇಟ್ಟುಕೊಂಡರು, ದಿನವೂ, ದೇವರ ಮುಂದೆ ನಿಂತಾಗಲೂ. ಪ್ರಾರ್ಥನೆಯ ಹೊತ್ತಿಗೆ ಕೈಗಳನ್ನು ಎದೆಗೆ ತಂದರೆ ಅದು ಮೂಳೆಗೆ ಒತ್ತುತ್ತಿತ್ತು. ಒತ್ತಲಿ ಎಂದೇ ಇಟ್ಟುಕೊಂಡಿದ್ದರು.

ಈಗ ಬೈಂಡರು ಬಟ್ಟೆಯ ಚೂರಿನಿಂದ ತಲೆ ಎಣ್ಣೆ ಒರೆಸಿ, ಅಲಗನ್ನು ಮೆಲ್ಲನೆ ಎಬ್ಬಿಸಿದರು. ಅರ್ಧಕ್ಕೆ ಬಂದು ನಿಂತಿತು. ಬೆರಳು ತಾನಾಗಿ ಬೆನ್ನಿಗೆ ಹೋಯಿತು, ಹಳೆಯ ಹಲ್ಲುನೋವಿನ ಜಾಗಕ್ಕೆ ನಾಲಿಗೆ ಹೋಗುವ ಹಾಗೆ. ಕೂದಲೆಳೆ ಇರಲಿಲ್ಲ. ಮತ್ತೆ ಸವರಿದರು. ಹೆಬ್ಬೆರಳಿನ ಚರ್ಮ ಗೋಂದು ಹತ್ತಿ ಹತ್ತಿ ಸತ್ತಿರಬೇಕೆಂದು ತೋರು ಬೆರಳಿನಿಂದ, ಆಮೇಲೆ ಕಿರು ಬೆರಳಿನಿಂದ, ಕೊನೆಗೆ ಕೆಳ ತುಟಿಗೆ ಒತ್ತಿ ನೋಡಿದರು. ನೀರಿನ ಮೇಲ್ಮೈಯಂತೆ ಸಮ. ಸ್ಪ್ರಿಂಗು ತಾನಾಗಿ ಇಳಿಯುವುದಿಲ್ಲ. ಯಾರೋ ಬಿಚ್ಚಿದ್ದಾರೆ. ದೀಪ ಹಾಕಿ, ಹಿಡಿಯ ಮೊಳೆಗಳನ್ನು ಒರೆಸಿ ನೋಡಿದರು. ತಾವು ಬಡಿದ ಮೊಳೆಗಳಲ್ಲ. ಕೊಳೆ ಹೋದ ಮೇಲೆ ಮೂರು ತಲೆಗಳ ಮೇಲೂ ಗೆರೆಯೊಂದು ಕಂಡಿತು, ರೋಮದಷ್ಟು ತೆಳು. ಸ್ಕ್ರೂಗಳು. ಹೊರಗಿನವರಿಗೆ ಮೊಳೆಯೆಂದೇ ಕಾಣುವಂತೆ ಮಾಡಿದ, ಮತ್ತೆ ಮತ್ತೆ ಬಿಚ್ಚಲೆಂದೇ ಕೂರಿಸಿದ ಸ್ಕ್ರೂಗಳು. ಈ ಊರಿನಲ್ಲಿ ಅಷ್ಟು ಸಣ್ಣ ಕೆಲಸ ಮಾಡುತ್ತಿದ್ದ ಕೈ ಒಂದೇ.

ಭಾವನಿಗೆ ಗೊತ್ತಿತ್ತು.

ಬೆಳಿಗ್ಗೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹಗುರಾದ ಎದೆಯ ಮೇಲೆ ಈಗ ಇಡೀ ಗಡಿಯಾರದ ಅಂಗಡಿ ಬಂದು ಕೂತಿತು. ಭಾವ ಯಾವ ಗಡಿಯಾರ ಬಿಚ್ಚಿದರೂ ಮುಚ್ಚಳದ ಒಳಗೆ ತಾರೀಕು ಗೀರಿ, ಪಕ್ಕದಲ್ಲಿ ಒಂದು ಗುರುತು ಹಾಕುತ್ತಿದ್ದರು. ತನಗಿಂತ ಮೊದಲು ರಿಪೇರಿ ಮಾಡಿದವನು ಚೆನ್ನಾಗಿ ಮಾಡಿದ್ದರೆ ಒಂದು ಚುಕ್ಕೆ. ಕೆಡಿಸಿದ್ದರೆ ಕಾಟು, ಅಡ್ಡಡ್ಡ ಎರಡು ಗೆರೆ. ಚುಕ್ಕೆ ಅಪರೂಪ. ಕಾಟು ಹಾಕುವಾಗ ಅವರ ಮುಖ ಹೇಗಾಗುತ್ತಿತ್ತೆಂದು ಬೈಂಡರು ಕಂಡಿದ್ದರು. ಗಡಿಯಾರವನ್ನು ಬೆರಳ ತುದಿಯಲ್ಲಿ ಹಿಡಿದು ದೂರ ಇಡುತ್ತಿದ್ದರು. ಈ ಹಿಡಿಯ ಒಳಗೂ ಒಂದು ಗುರುತು ಇದೆ. ಚುಕ್ಕೆಯೋ ಕಾಟೋ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತ ಮನುಷ್ಯ ತಮ್ಮನ್ನು ಏನೆಂದು ತಿಳಿದಿದ್ದನೆಂಬುದು ಈ ಕೊಂಬಿನ ಕೆಳಗೆ ಬರೆದಿದೆ. ಬಿಚ್ಚದೆ ಜೇಬಿಗೆ ಹಾಕಿದರೆ ಐದು ಗಂಟೆಗೆ ಅದೂ ಹೋಗುತ್ತದೆ, ಬದುಕಿರುವಷ್ಟು ದಿನ ತಿಳಿಯದೆ ಇರಬಹುದು. ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡರು, ಇಟ್ಟರು, ಎತ್ತಿಕೊಂಡರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಾಯಿತೋ. ಗಾಡಿ ಹೊರಟಿದೆಯಂತೆ, ಆಯ್ತೇನೋ ಎಂದು ಕೇಳಿ, ತಮ್ಮನ ಮುಖ ನೋಡಿ ಒಳಗೆ ಬಂದಳು. ಎಪ್ಪತ್ತೆಂಟು ವರ್ಷದವಳು, ಗಂಡನ ಕುರ್ಚಿಯಲ್ಲಿ, ಆ ಕುಳಿಯಲ್ಲಿ, ಸಲೀಸಾಗಿ ಕೂತಳು.

ಬೈಂಡರು ಹೇಳಿದರು. ಯಾವ ಪಾದ್ರಿಗೂ, ಯಾವ ಗುರುವಿಗೂ, ತೀರಿಹೋದ ಹೆಂಡತಿಗೂ ಹೇಳದ್ದನ್ನು ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿದರು. ಗುಜರಿ ಚೀಲ, ಮುರಿದ ಸ್ಪ್ರಿಂಗು, ಭಾವ ಕೊಟ್ಟ ಚಾಕುವನ್ನು ಕೊಂದದ್ದು, ಕೈ ಹಚ್ಚಿಲ್ಲ ಎಂದದ್ದು, ಬಸ್ಸಿನ ಸುಳ್ಳು. ಒಳ ಜೇಬಿನಿಂದ ಆ ಅಸ್ಥಿಪಂಜರವನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಅಕ್ಕ ಅದರ ಜೋತ ಅಲಗನ್ನು ಬೆರಳಿನಿಂದ ತಳ್ಳಿ ನೋಡಿದಳು.

"ಇಪ್ಪತ್ತೆರಡು ವರ್ಷ ಅವರ ಕಣ್ಣಿಗೆ ಮಣ್ಣೆರಚಿದೆ ಅಂದ್ಕೊಂಡಿದ್ಯಾ? ಕಾಣದೇ ಇರೋ ಚಕ್ರದ ಹಲ್ಲು ಎಣಿಸ್ತಿದ್ದ ಕಣ್ಣು ಕಣೋ ಅದು."

ಹಾಗಾದರೆ ನಿನಗೆ ಹೇಳಿದ್ದರಾ ಎಂದು ಬೈಂಡರು ಕೇಳಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವಳ ಮುಖದಲ್ಲಿದ್ದ ನಗು ಇಳಿಯಿತು. ಸಿಟ್ಟು ಬಂದದ್ದನ್ನು ಅವರು ಹೇಳುತ್ತಿದ್ದರು, ಮನಸ್ಸಿಗೆ ನೋವಾದದ್ದನ್ನು ಹೇಳುತ್ತಿರಲಿಲ್ಲ ಎಂದಳು. ಹಜಾರದಲ್ಲಿ ಯಾರೋ ಕೆಮ್ಮಿದರು. ಗೋಡೆಯ ಮೇಲೆ ಏಳು ಗಡಿಯಾರಗಳು, ಏಳೂ ಒಂದೇ ಹೊತ್ತು ತೋರಿಸುತ್ತಿದ್ದವು.

"ಬಿಚ್ಚು" ಎಂದಳು ಅಕ್ಕ. "ನಿನ್ನ ಮೇಲೆ ಏನಾದ್ರೂ ಇಟ್ಕೊಂಡು ಹೋಗಿದ್ರೆ ನನಗೂ ಗೊತ್ತಾಗಲಿ. ಅವರ ಪರವಾಗಿ ನಾನು ಬೈತೀನಿ, ನೀನು ಬೈಸ್ಕೋ. ಮುಗಿದುಹೋಗಲಿ."

ಮೊದಲ ಸ್ಕ್ರೂ ಮುಟ್ಟಿದ ಕೂಡಲೆ ತಿರುಗಿತು. ನಿನ್ನೆ ಮೊನ್ನೆ ಬಿಚ್ಚಿದ ಹಾಗೆ. ಎರಡನೆಯದು, ಮೂರನೆಯದು. ಚಿಮಟದಿಂದ ಹಿಡಿದು ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಟ್ಟರು. ಹಿಡಿಯ ಒಂದು ಪಕ್ಕ, ಕೊಂಬಿಗೆ ಅಂಟಿದ ಹಿತ್ತಾಳೆಯ ತಗಡಿನ ಸಮೇತ, ಪುಸ್ತಕದ ರಟ್ಟಿನಂತೆ ಮೇಲೆದ್ದಿತು. ಒಳಗೆ ತಾವು ಉಜ್ಜಿದ ಸ್ಪ್ರಿಂಗು, ಟೀ ನೀರಿನ ಬಣ್ಣ ಇನ್ನೂ ಹಾಗೇ. ತಗಡನ್ನು ದೀಪಕ್ಕೆ ತಿರುಗಿಸಿದರು. ಗೀರುಗಳಿದ್ದವು, ಒಂದೆರಡಲ್ಲ, ಸಾಲು ಸಾಲು. ಬರಿಗಣ್ಣಿಗೆ ಅಕ್ಷರ ಒಡೆಯಲಿಲ್ಲ. ಅಕ್ಕ ಮಸೂರವನ್ನು ಎತ್ತಿ ಕೊಟ್ಟಳು. ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡರೆ ಭಾವನ ಹುಬ್ಬಿನ ಬೆವರಿನ ವಾಸನೆ. ಎರಡು ಸಲ ಜಾರಿತು. ಮೂರನೆಯ ಸಲ ಹಿತ್ತಾಳೆಯ ಗದ್ದೆಯಲ್ಲಿ ಅಕ್ಷರಗಳು ಎದ್ದು ನಿಂತವು. ಮೊದಲು ತಾರೀಕು. ಚಾಕು ಕೊಟ್ಟು ಹತ್ತೊಂಬತ್ತೇ ದಿನಕ್ಕೆ.

"ಓದೋ" ಎಂದಳು ಅಕ್ಕ.

ಬೈಂಡರು ಓದಿದರು. "ಸ್ಪ್ರಿಂಗು ನಾನು ಅವನಿಗೆ ಕೊಟ್ಟ ಚಾಕುವಿನದು. ಕೈ ನಮ್ಮ ಹುಡುಗನದು. ಅರ್ಧಕ್ಕೆ ಕೂದಲೆಳೆ ಇತ್ತು, ಇಳಿಸಿದೆ." ಅಲ್ಲಿಗೆ ನಿಂತರು. ಕಣ್ಣು ತುಂಬಿ ಮಸೂರ ಮಂಜಾಯಿತು. ಗುರುತು ಏನೋ, ಗುರುತು ನೋಡು ಎಂದು ಅಕ್ಕ ಅವರ ಮೊಣಕೈ ಅಲುಗಿಸಿದಳು. ಒರೆಸಿಕೊಂಡು ನೋಡಿದರು. ಮಾತಿನ ಕೊನೆಗೆ, ಆಳವಾಗಿ, ಸೂಜಿಯನ್ನು ಒತ್ತಿ ತಿರುಗಿಸಿದ ದುಂಡನೆಯ ಚುಕ್ಕೆ. ಅದರ ಕೆಳಗೆ ಇನ್ನೊಂದು. ಪಕ್ಕದಲ್ಲಿ ಇನ್ನೊಂದು. ವರ್ಷಕ್ಕೊಂದರಂತೆ, ಪ್ರತಿ ಹುಟ್ಟುಹಬ್ಬದ ದಿನ ಬಿಚ್ಚಿ, ಎಣ್ಣೆ ಬಿಟ್ಟು, ಹಾಕಿದ ಚುಕ್ಕೆಗಳು. ಎಣಿಸಿದರು. ಕೆಳಗಿನ ಸಾಲಿನಲ್ಲಿ ಇಪ್ಪತ್ತೆರಡು. ಕೊನೆಯದು ಎರಡು ತಿಂಗಳ ಹಿಂದಿನದು. ಕೈ ನಡುಗಿ ಸಾಲು ಬಿಟ್ಟು ಪಕ್ಕಕ್ಕೆ ಸರಿದಿತ್ತು. ಆದರೂ ಚುಕ್ಕೆಯೇ. ಒಂದೂ ಕಾಟಿರಲಿಲ್ಲ.

ಬೈಂಡರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ತಡೆಯಲಾಗಲಿಲ್ಲ. ಸಾವಿನ ಮನೆಯ ಹಿಂದಿನ ಕೋಣೆಯಲ್ಲಿ ಎಪ್ಪತ್ತು ವರ್ಷದ ಗಂಡಸು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೆನ್ನೆಯ ಮೇಲೆ ನೀರು ಹರಿಸಿಕೊಂಡು, ಗಹಗಹಿಸಿ ನಕ್ಕ. ಎಲ್ಲೋ ಒಂದು ಕಡೆ ಕೆಲಸಕ್ಕೆ ಬರ್ತಾ ಇರುತ್ತೆ. ಆ ಮಾತು ಹೇಳುವಾಗ ಅದರ ಸ್ಪ್ರಿಂಗು ಅವರ ಜೇಬಿನಲ್ಲೇ ಇತ್ತು. ಅರ್ಧಕ್ಕೆ ನಿಲ್ಲಿಸಿ ನೋಡು ಎಂದು ಭಾನುವಾರ ಭಾನುವಾರ ಚಾಚಿದ್ದು ಸಿಕ್ಕಿಹಾಕಿಸಲಿಕ್ಕಲ್ಲ. ನಿನ್ನ ಕೂದಲೆಳೆ ಇಳಿಸಿದ್ದೇನೆ, ಒಂದು ಸಲ ಮುಟ್ಟಿ ನೋಡು ಮಾರಾಯ ಎಂದು. ಮುಟ್ಟಿದ್ದರೆ ಸಾಕಿತ್ತು. ಒಂದು ಬೆರಳು ಸಾಕಿತ್ತು. ಇಪ್ಪತ್ತೆರಡು ವರ್ಷ ಒಂದು ಬೆರಳು ಮುಂದೆ ಬರಲಿಲ್ಲ. ಅದನ್ನು ನೆನೆದರೆ ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಎದೆಯಲ್ಲಿ ಹಬ್ಬವೇ ನಡೆಯುತ್ತಿತ್ತು. ಸಿಕ್ಕಿಬಿದ್ದಿದ್ದೇನೆ, ಹತ್ತೊಂಬತ್ತೇ ದಿನಕ್ಕೆ ಸಿಕ್ಕಿಬಿದ್ದಿದ್ದೇನೆ, ಸಿಕ್ಕಿಬಿದ್ದ ಮೇಲೂ ನಮ್ಮ ಹುಡುಗ ಎಂದೇ ಬರೆಸಿಕೊಂಡಿದ್ದೇನೆ. ಕಾಟು ಹಾಕಲು ಒಂದು ಕ್ಷಣವೂ ಹಿಂದೆಮುಂದೆ ನೋಡದ ಕೈಯಿಂದ ಇಪ್ಪತ್ತಮೂರು ಚುಕ್ಕೆ. ಯಾವ ಬೈಂಡರಿಗೆ, ಯಾವ ಗಡಿಯಾರದವನಿಗೆ ಸಿಕ್ಕಿತ್ತು ಇಂಥ ಸರ್ಟಿಫಿಕೇಟು. ಅಕ್ಕನ ಮಗಳು ಗಾಬರಿಯಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಅವಳು ಕಂಡದ್ದು ತಾಯಿಯೂ ನಗುತ್ತಿರುವುದನ್ನು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕಿಸಿಕೊಂಡು. "ಕಳ್ಳರು" ಎಂದಳು ಅಕ್ಕ ಮಗಳ ಕಡೆ ತಿರುಗಿ. "ನಿಮ್ಮಪ್ಪ, ನಿಮ್ಮ ಮಾಮ. ಇಬ್ಬರೂ ಕಳ್ಳರು ಕಣೇ. ನಾನೊಬ್ಬಳೇ ಈ ಮನೇಲಿ ಸುಮ್ಮನೆ ಅನ್ನ ಬೇಯಿಸಿದವಳು." ಅವಳು ನಕ್ಕ ನಗು ಅಳುವಿನೊಳಗೆ ಯಾವಾಗ ಜಾರಿತೋ ಯಾರಿಗೂ ತಿಳಿಯಲಿಲ್ಲ. ಮಗಳು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಹೊರಗೆ ಗಾಡಿ ನಿಂತ ಸದ್ದಾಯಿತು. ಬಾಗಿಲು ತೆರೆಯುವ, ಜನ ಏಳುವ ಸದ್ದು. ಬೈಂಡರು ಅವಸರ ಪಡಲಿಲ್ಲ. ಗೀರುವ ಸೂಜಿಯನ್ನು ಸ್ಟ್ಯಾಂಡಿನಿಂದ ತೆಗೆದರು. ಚುಕ್ಕೆಗಳ ಸಾಲಿನ ಕೆಳಗೆ ಉಳಿದಿದ್ದ ಅಂಗುಲದ ಜಾಗದಲ್ಲಿ ಇವತ್ತಿನ ತಾರೀಕು ಬರೆದು, ಮುಂದೆ "ಕೈ ಹಚ್ಚಿದ್ದೆ ಭಾವ" ಎಂದು ಗೀರಿದರು. ಅದರ ಪಕ್ಕದಲ್ಲಿ, ಸೂಜಿಯನ್ನು ಒತ್ತಿ ತಿರುಗಿಸಿ, ತಮಗಿಂತ ಮೊದಲು ಇದನ್ನು ರಿಪೇರಿ ಮಾಡಿದವನಿಗೆ ಒಂದು ಚುಕ್ಕೆ. ತಗಡಿನ ಪುಡಿಯನ್ನು ಊದಿದರು. ತಲೆ ಎಣ್ಣೆಯನ್ನು ಮೂಲೆಮೂಲೆಯಿಂದ ತೆಗೆದು, ಗಡಿಯಾರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದು ಕೀಲಿಗೆ ಒಂದು ಹನಿ, ಸ್ಪ್ರಿಂಗಿನ ತುದಿಗೆ ಅರ್ಧ ಹನಿ. ಪಕ್ಕವನ್ನು ಕೂರಿಸಿ ಮೂರು ಸ್ಕ್ರೂ ಬಿಗಿದರು. ತೆರೆದರು. ಅರ್ಧಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆನ್ನು ಸವರಿದರು. ಎಷ್ಟು ಭಾನುವಾರಗಳೋ ಅಷ್ಟು ಸಲ ಸವರಿದರು. ಆಮೇಲೆ ಕಿವಿಯ ಹತ್ತಿರ ಹಿಡಿದು ಮಡಚಿದರು. ಟಕ್. ಹಜಾರದವರೆಗೆ ಕೇಳಿಸಿರಬೇಕು.

ಅಕ್ಕ ಮುಖ ಒರೆಸಿಕೊಂಡು ಎದ್ದು ನಿಂತಿದ್ದಳು. ಬೇಕಾದರೆ ನೀನೇ ಇಟ್ಟುಕೋ, ಅವರ ಕೈಬರಹ ಇದೆ, ನಾನು ಬೇಡ ಅನ್ನೋದಿಲ್ಲ ಎಂದಳು. ಬೈಂಡರು ಚಾಕುವನ್ನು ಅಂಗೈಯಲ್ಲಿಟ್ಟು ತೂಗಿದರು. ಬೇಕು ಅನ್ನಿಸಲಿಲ್ಲ. ಇವತ್ತು ಬೆಳಿಗ್ಗೆ ಇದು ಹೋಗಿಬಿಟ್ಟರೆ ಬಚಾವು ಎಂದುಕೊಂಡಿದ್ದರು. ಈಗಲೂ ಹೋಗಲಿ ಎಂದೇ ಮನಸ್ಸು ಹೇಳುತ್ತಿತ್ತು, ಆದರೆ ಅದು ಬೇರೆ ಮನಸ್ಸು. ಓದಿದ್ದಾಗಿದೆ, ಉತ್ತರ ಬರೆದದ್ದಾಗಿದೆ. ಬರೆದ ಉತ್ತರ ತಲುಪಬೇಕಾದವರಿಗೆ ತಲುಪಲಿ. "ಅವರ ಜೇಬು ಖಾಲಿ ಇರೋದು ಬೇಡ ಅಕ್ಕ" ಎಂದರು. ಮೇಜಿನ ಮೇಲಿದ್ದ ಸ್ಪ್ರಿಂಗಿಲ್ಲದ ಚಾಕುವನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಒಳ ಜೇಬಿಗಲ್ಲ, ಹೊರ ಜೇಬಿಗೆ.

ಹಜಾರದ ನಡುವೆ ಭಾವನನ್ನು ಮಲಗಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಣ್ಣಿನ ಸುತ್ತ, ಅರವತ್ತು ವರ್ಷ ಮಸೂರ ಕೂತ ಜಾಗದಲ್ಲಿ, ಮಾಸಿದ ಉಂಗುರದ ಗುರುತು. ಜನ ದಾರಿ ಬಿಟ್ಟರು. ಆಗಷ್ಟೇ ನಕ್ಕದ್ದು ಎಲ್ಲರಿಗೂ ಕೇಳಿಸಿದೆ ಎಂದು ಬೈಂಡರಿಗೆ ಗೊತ್ತಿತ್ತು. ಇಬ್ಬರು ಮೂವರು ಅವರ ಮುಖ ನೋಡದೆ ಬೇರೆ ಕಡೆ ತಿರುಗಿದರು. ಅದರಿಂದ ಏನೂ ಆಗಲಿಲ್ಲ. ಗೆದ್ದ ಸೈನ್ಯ ಬೀದಿಯಲ್ಲಿ ಬರುವಂತೆ ಆ ಹತ್ತು ಹೆಜ್ಜೆ ನಡೆದು, ಮೊಣಕಾಲೂರಿ, ಮಡಚಿದ ಚಾಕುವನ್ನು ಬಲ ಜೇಬಿನೊಳಗೆ ಇಳಿಸಿ, ಜೇಬಿನ ಬಾಯಿಯನ್ನು ಅಂಗೈಯಿಂದ ಸಮ ಮಾಡಿದರು. ಮಲ್ಲಿಗೆ ಎಣ್ಣೆಯ ವಾಸನೆ ಇನ್ನೂ ಸ್ವಲ್ಪ ಇತ್ತು. ಅದಕ್ಕೆ ಕ್ಷಮಿಸಿ ಎಂದು ಮನಸ್ಸಿನಲ್ಲೇ ಹೇಳಿದರು. ಆಮೇಲೆ ಕೈಗಳನ್ನು ಎದೆಗೆ ತಂದರು. ಎದೆಯ ಮೂಳೆಗೆ ಏನೂ ಒತ್ತಲಿಲ್ಲ.

ದೇವರೇ, ನಮ್ಮ ಭಾವ ಬರುತ್ತಿದ್ದಾರೆ. ಬಲ ಜೇಬಿನಲ್ಲಿ ಚಾಕು ಇದೆ, ಅದನ್ನು ಗೇಟಿನಲ್ಲಿ ತೆಗೆದಿರಿಸಿಕೊಳ್ಳಬೇಡ, ಟೋಕನ್ ಕೊಡಬೇಡ. ಅನುಮಾನವಿದ್ದರೆ ಅರ್ಧ ತೆರೆದು ಬೆನ್ನು ಸವರಿ ನೋಡು. ನಾನು ಬಿಟ್ಟ ತಪ್ಪನ್ನು ಅವರು ಇಳಿಸಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾರೆ. ನನ್ನನ್ನು ಅವರು ಕಂಡ ಹಾಗೆ ನೀನು ಅವರನ್ನು ಕಾಣು. ಕಣ್ಣಿಗೆ ತುಂಬ ದಣಿವಾಗಿದೆ, ವಿಶ್ರಾಂತಿ ಕೊಡು. ಆ ಕೈಗಳಿಗೆ ಶಾಂತಿ ಕೊಡು, ಆ ಆತ್ಮಕ್ಕೆ ಶಾಂತಿ ಕೊಡು.